ದೇವರ ಮೇಲೆ ಕೋಪ ಬಂದಿದೆ, ಥ್ಯಾಂಕ್ಸ್ ಹೇಳೋಕೆ ಆಗ್ತಿಲ್ಲ

ಪ್ರಶ್ನೆ: ಅಕ್ಕ, ನಮಸ್ಕಾರ. ನಂಗೆ 43 ವರ್ಷ. ಕೊಡಗಿನ ನಾಪೋಕ್ಲು ಹತ್ರ ನಮ್ದು ಸಣ್ಣ ಕಾಫಿ ತೋಟ, ಮನೇಲಿ ನಮ್ಮೋರು, ಅತ್ತೆ, ಪಿಯುಸಿ ಓದೋ ಮಗ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಬೆಳಗ್ಗೆ ಎದ್ರೆ ಬೆರಳು ಮಡಚೋಕೇ ಒಂದೂವರೆ ಗಂಟೆ ಬೇಕು, ನಮ್ಮೋರು ಐದಕ್ಕೆ ಎದ್ದು ಹಂಡೆ ಒಲೆ ಹಚ್ಚಿ ಕೈ ಅದ್ದೋಕೆ ಬಿಸಿನೀರು ತಂದಿಡ್ತಾರೆ. ಅಕ್ಕಿರೊಟ್ಟಿ ತಟ್ಟೋಕೆ ಆಗಲ್ಲ, ಕೊಯ್ಲು ಟೈಮಲ್ಲಿ ತೋಟಕ್ಕೆ ಇಳಿಯೋಕೆ ಆಗಲ್ಲ, ನೋಡೋರಿಗೆ ಮಾತ್ರ ಚೆನ್ನಾಗೇ ಕಾಣ್ತೀನಿ. ಮೈಸೂರಲ್ಲಿರೋ ನಾದಿನಿ ನನ್ನನ್ನ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ಲು, ದಿನಾ ದೇವರಿಗೆ ಮೂರು ಥ್ಯಾಂಕ್ಸ್ ಬರೀಬೇಕು. ಒಂದಿನ ನೋವು ಜಾಸ್ತಿ ಇದ್ದು 'ಇವತ್ತು ಏನೂ ಇಲ್ಲ' ಅಂತ ಹಾಕಿದ್ದಕ್ಕೆ ಎಲ್ಲರೂ ಬುದ್ಧಿ ಹೇಳಿದ್ರು, ನಿನಗಿಂತ ಕಷ್ಟದಲ್ಲಿ ಇರೋರನ್ನ ನೋಡು ಅಂದ್ರು. ಅದೇ ಗ್ರೂಪಲ್ಲಿ ಒಬ್ಬರು, ಮಾತ್ರೆ ಮೇಲೆ ನಂಬಿಕೆ ಇಟ್ರೆ ದೇವರ ಮೇಲಿನ ನಂಬಿಕೆ ಕಮ್ಮಿ ಆದಂಗೆ ಅಂದ್ರು, ಅದನ್ನ ಕೇಳಿ ವಾರದ ಮೆಥೊಟ್ರೆಕ್ಸೇಟ್ ಮಾತ್ರೆ ಎರಡು ಸಲ ಬಿಟ್ಟೆ, ಮಣಿಕಟ್ಟು ಊದಿಕೊಂಡಿದೆ, ಮನೇಲಿ ಹೇಳಿಲ್ಲ. ಅತ್ತೆ ನನ್ನನ್ನ ತೀರ್ಥೋದ್ಭವಕ್ಕೆ ತಲಕಾವೇರಿಗೆ ಕರ್ಕೊಂಡು ಹೋಗಿ ಮುಳುಗಿಸ್ತೀನಿ ಅಂತ ಹರಕೆ ಹೊತ್ತಿದ್ದಾರೆ. ಅವರು ಕೆಟ್ಟೋರಲ್ಲ ಅಕ್ಕ, ಆದ್ರೆ ಆ ರಶ್ಶಲ್ಲಿ ನಿಲ್ಲೋಕೆ ನಂಗೆ ಆಗಲ್ಲ. ಸಂಜೆ ದೀಪ ಹಚ್ತೀನಿ, ಕೈ ಮುಗಿಯೋಣ ಅಂದ್ರೆ ಬೆರಳೂ ಜೋಡಿಸೋಕೆ ಆಗಲ್ಲ, ಮನಸ್ಸೂ ಜೋಡಿಸೋಕೆ ಆಗಲ್ಲ, ಬರೀ ಕೋಪ ಬರುತ್ತೆ. ನಂಗೆ ನಂಬಿಕೆ ಹೊರಟುಹೋಯ್ತಾ?

ಉತ್ತರ: ತಂಗಿ, ಅಕ್ಕ ಅಂತ ಕರ್ದಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಮಾತಾಡ್ತೀನಿ. ನೀನು ಕೇಳಿದ್ದು ದೇವರ ವಿಷಯ, ಆದ್ರೆ ನಾನು ಮೊದಲು ಮಾತ್ರೆ ವಿಷಯ ಹೇಳ್ಬೇಕು, ಅದು ಕಾಯೋ ವಿಷಯ ಅಲ್ಲ.

ರುಮಟಾಯ್ಡ್ ಅಂದ್ರೆ ವಯಸ್ಸಾಗಿ ಮೂಳೆ ಸವೆದು ಬರೋ ಮಂಡಿನೋವಲ್ಲ, ನಮ್ಮನ್ನ ಕಾಯ್ಬೇಕಾದ ರೋಗನಿರೋಧಕ ಶಕ್ತಿನೇ ದಾರಿ ತಪ್ಪಿ ನಮ್ಮ ಕೀಲಿನ ಒಳಪೊರೆ ಮೇಲೆ ಬೀಳೋದು. ಊತ ಹಾಗೇ ಬಿಟ್ರೆ ನಿಧಾನಕ್ಕೆ ಮೂಳೆನ ತಿಂದುಹಾಕುತ್ತೆ, ಹಾಗೆ ಹಾಳಾದ ಕೀಲು ಆಮೇಲೆ ಮಾತ್ರೆಯಿಂದ ಸರಿ ಹೋಗಲ್ಲ. ಮೆಥೊಟ್ರೆಕ್ಸೇಟ್ ಇರೋದು ಅದನ್ನ ತಡೆಯೋಕೆ. ಅದು ಇವತ್ತು ನುಂಗಿ ನಾಳೆ ಗೊತ್ತಾಗೋ ಪೇನ್‌ಕಿಲ್ಲರ್ ಅಲ್ಲ, ಶುರು ಮಾಡಿದ್ಮೇಲೆ ಕೆಲಸ ಕಾಣೋಕೇ ಆರರಿಂದ ಹನ್ನೆರಡು ವಾರ ಬೇಕಾಗುತ್ತೆ, ಹಂಗಾಗಿ ಮಧ್ಯೆ ಮಧ್ಯೆ ಬಿಟ್ರೆ ಏನೂ ಆಗ್ಲಿಲ್ವಲ್ಲ ಅನ್ಸಿಬಿಡುತ್ತೆ, ಆಮೇಲೆ ಒಂದಿನ ಊತ ಎದ್ದು ಕೂರುತ್ತೆ, ನಿನಗೆ ಆಗಿರೋದು ಅದೇ ಇರ್ಬೇಕು. ಬಿಟ್ಟ ಡೋಸನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗೋಕೆ ಮಾತ್ರ ಹೋಗ್ಬೇಡ. ವಾರಕ್ಕೆ ಒಂದೇ ದಿನ ತಗೊಳ್ಳೋ ಔಷಧಿ ಅದು, ಮರೆತು ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದ್ಕೊಂಡೋರು ಇದ್ದಾರೆ. ನಾಳೆ ಬೆಳಗ್ಗೆನೇ ಡಾಕ್ಟರಿಗೆ ಫೋನ್ ಮಾಡಿ, ಎರಡು ವಾರ ಬಿಟ್ಟಿದ್ದೀನಿ, ಮಣಿಕಟ್ಟು ಊದಿದೆ ಅಂತ ಇದ್ದದ್ದನ್ನ ಇದ್ದಂಗೆ ಹೇಳು, ಅವರು ಹೇಳಿದಂಗೆ ಶುರು ಮಾಡು. ಬೈದ್ರೆ ಬೈಸ್ಕೋ.

ಈಗ ಆ ಗ್ರೂಪಿನೋರು ಹೇಳಿದ ಮಾತಿಗೆ ಬರ್ತೀನಿ, ಅದನ್ನ ಓದಿದಾಗಿಂದ ನಂಗೆ ಸಮಾಧಾನ ಇಲ್ಲ. ಮಾತ್ರೆ ಡಬ್ಬಿಲಿ ಮೆಥೊಟ್ರೆಕ್ಸೇಟ್ ಜೊತೆ ಫೋಲಿಕ್ ಆಸಿಡ್ ಅಂತ ಹಳದಿ ಮಾತ್ರೆನೂ ಇರುತ್ತಲ್ಲ, ಸೈಡ್ ಎಫೆಕ್ಟ್ ಕಮ್ಮಿ ಆಗ್ಲಿ ಅಂತ ಕೊಡೋದು. ಆ ಎರಡೂ ಮಾತ್ರೆ ಹಿಂದೆ ಒಬ್ಬ ಮನುಷ್ಯ ಇದ್ದಾರೆ, ನಮ್ಮ ಪಕ್ಕದ ಆಂಧ್ರದೋರು, ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ್ದು. ಚಿಕ್ಕ ವಯಸ್ಸಲ್ಲೇ ಅಪ್ಪ ಹೋದ್ರು, ಆಮೇಲೆ ಅಣ್ಣ ತಮ್ಮ ಇಬ್ಬರೂ ಸ್ಪ್ರೂ ಅನ್ನೋ ಕಾಯಿಲೆಯಿಂದ ಹೋದ್ರು, ಊಟ ಮಾಡಿದ್ದು ಮೈಗೆ ಹತ್ತದೆ ರಕ್ತ ಒಣಗಿ ಹೋಗೋ ಕಾಯಿಲೆ ಅದು. ರಾಮಕೃಷ್ಣ ಮಠ ಸೇರಿ ಸನ್ಯಾಸಿ ಆಗ್ಬೇಕು ಅಂತ ಆಸೆ ಇದ್ದ ಹುಡುಗ, ಮದ್ರಾಸಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ್ರು. 1940ರ ದಶಕದಲ್ಲಿ ಲೆಡರ್ಲೆ ಲ್ಯಾಬಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸೋ ದಾರಿ ಕಂಡುಹಿಡೀತು, ಅಣ್ಣ ತಮ್ಮನ್ನ ತಗೊಂಡುಹೋದ ಆ ಸ್ಪ್ರೂಗೆ ಅದೇ ಮದ್ದಾಯ್ತು. ಅದೇ ಕೆಲಸದ ಮುಂದುವರಿಕೆಲಿ ಹುಟ್ಟಿದ್ದು ಮೆಥೊಟ್ರೆಕ್ಸೇಟ್, ಮೊದಲು ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಟ್ರು, ಎಷ್ಟೋ ವರ್ಷ ಆದ್ಮೇಲೆ ಕೀಲು ಊತಕ್ಕೂ ಆಗುತ್ತೆ ಅಂತ ಗಟ್ಟಿಯಾಯ್ತು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆ ಸಿಕ್ತು. ಸುಬ್ಬರಾವ್ ಅದನ್ನ ನೋಡೋಕೆ ಇರ್ಲಿಲ್ಲ, 1948ರಲ್ಲೇ ತೀರ್ಕೊಂಡಿದ್ರು.

ಇಷ್ಟು ಯಾಕೆ ಹೇಳ್ದೆ ಅಂದ್ರೆ, ಅಣ್ಣ ತಮ್ಮನ್ನ ಕಳ್ಕೊಂಡ, ಸನ್ಯಾಸ ಬಯಸಿದ ಒಬ್ಬ ಮನುಷ್ಯ ಜೀವ ತೇದು ಕೊಟ್ಟ ಮಾತ್ರೆ ನಿನ್ನ ಡಬ್ಬಿಲಿ ಇದೆ. ಅದನ್ನ ಬಿಡೋದು ಭಕ್ತಿ ಅಂತ ಯಾವ ದೇವರು ಹೇಳಿದ್ದು? ನಂಗಂತೂ ಒಳ್ಳೇ ಔಷಧಿ ಸಿಗೋದೂ ದೇವರ ದಯೆನೇ. ನಂಗೆ ಟೈಪ್ 1 ಶುಗರ್ ಇದೆ, ಕಾಲೇಜು ಓದೋ ಕಾಲದಿಂದ ಇನ್ಸುಲಿನ್ ಚುಚ್ಕೊಂಡೇ ಬದುಕಿರೋಳು. ಮನುಷ್ಯರಿಗೆ ಇನ್ಸುಲಿನ್ ಮೊದಲು ಕೊಟ್ಟಿದ್ದು 1922ರಲ್ಲಿ, ಅದಕ್ಕಿಂತ ಮೊದಲು ಈ ಕಾಯಿಲೆ ಬಂದಿದ್ರೆ ನಿಂಗೆ ಈ ಉತ್ತರ ಬರೆಯೋಕೆ ನಾನು ಇರ್ತಿರ್ಲಿಲ್ಲ. ದೇವರನ್ನ ನಂಬ್ತೀನಿ, ಸೂಜಿನೂ ಚುಚ್ಕೋತೀನಿ, ಎರಡಕ್ಕೂ ಜಗಳ ಇದೆ ಅಂತ ನಂಗೆ ಯಾವತ್ತೂ ಅನ್ಸಿಲ್ಲ.

ಹಂಗೇ ಇನ್ನೊಂದು ಮಾತು, ಮಳೆಗಾಲದ ಕಕ್ಕಡ ತಿಂಗಳು ಬಂದ್ರೆ ಮದ್ದು ಸೊಪ್ಪಿನ ಪಾಯಸ ಮಾಡ್ತಾರಲ್ಲ, ಖುಷಿಯಾಗಿ ತಿನ್ನು, ನಮ್ಮ ಮಣ್ಣಿನ ಪದ್ಧತಿ ಅದು. ಆದ್ರೆ ಯಾರೋ ಬಸ್ ಸ್ಟ್ಯಾಂಡಲ್ಲಿ ಸಿಕ್ಕೋರು ಹೆಸರಿಲ್ಲದ ಪೊಟ್ಟಣದಲ್ಲಿ ಕೀಲು ನೋವಿನ ಪುಡಿ ಕೊಟ್ರೆ ಬೇಡ ಅನ್ನು, ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಲಿ ಸಿಕ್ಕಿದೆ. ಹಬ್ಬಕ್ಕೆ ಮನೇಲಿ ಮಾಡೋ ವೈನ್ ಕೂಡ, ನಿನ್ನ ಮಾತ್ರೆ ಲಿವರ್ ಮೇಲೆ ಭಾರ ಹಾಕೋದ್ರಿಂದ, ಡಾಕ್ಟರನ್ನ ಕೇಳದೆ ಮುಟ್ಬೇಡ. ನೆಂಟರು ಒಂದ್ ಗ್ಲಾಸು ಒಂದ್ ಗ್ಲಾಸು ಅಂತ ಬಲವಂತ ಮಾಡ್ತಾರೆ, ನಮ್ಮ ಕಡೆ ಅದೊಂದು ಪ್ರೀತಿ, ಆದ್ರೂ ಬೇಡ.

ಸರಿ, ಈಗ ಕೋಪದ ವಿಷಯ. ನಂಬಿಕೆ ಹೊರಟುಹೋದೋರು ದೇವರ ಮೇಲೆ ಕೋಪ ಮಾಡ್ಕೊಳಲ್ಲ ತಂಗಿ. ಇಲ್ಲದೋರ ಹತ್ರ ಯಾರು ಜಗಳ ಆಡ್ತಾರೆ? ಕೋಪ ಇಟ್ಕೊಂಡೂ ಸಂಜೆ ಆದ್ರೆ ದೀಪ ಹಚ್ತಿದ್ದೀಯಲ್ಲ, ಊದಿದ ಕೈಯಲ್ಲಿ ಬೆಂಕಿಕಡ್ಡಿ ಗೀರೋದು ಎಷ್ಟು ಕಷ್ಟ ಅಂತ ಗ್ರೂಪಲ್ಲಿ ಬುದ್ಧಿ ಹೇಳೋರಿಗೆ ಗೊತ್ತಿಲ್ಲ. ಕೈ ಮುಗಿಯೋಕೆ ಬೆರಳು ಸೇರದಿದ್ರೆ ಸುಮ್ನೆ ನಿಂತ್ಕೋ, ಕೂತ್ಕೋ ಬೇಕಾದ್ರೆ. ಯಾಕಪ್ಪಾ ನಂಗೇ ಕೊಟ್ಟೆ ಅಂತ ಜೋರಾಗಿ ಕೇಳು. ಉತ್ತರ ಬರುತ್ತೆ ಅಂತ ನಾನು ಸುಳ್ಳು ಭರವಸೆ ಕೊಡಲ್ಲ, ನನ್ನ ಕಾಯಿಲೆಗೆ ನಂಗೆ ಬಂದಿಲ್ಲ. ಆದ್ರೆ ಕೇಳೋ ಹಕ್ಕು ನಿಂಗಿದೆ, ಕೇಳಿದ್ದಕ್ಕೆ ಶಿಕ್ಷೆ ಕೊಡೋ ದೇವರನ್ನ ನಾನು ನಂಬಲ್ಲ.

ನಮ್ಮ ಊರಿನ ದೇವರುಗಳನ್ನೇ ನೋಡು. ಮಡಿಕೇರಿ ಕರಗ ಶುರು ಆಗಿದ್ದು ರಾಜರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಅಂತ ಹಿರಿಯರು ಹೇಳ್ತಾರೆ, ಜನ ಮಾರಿಯಮ್ಮನ ಹತ್ರ ಓಡಿದ್ದು ಧನ್ಯವಾದ ಹೇಳೋಕಲ್ಲ, ಕಾಪಾಡು ತಾಯಿ ಅಂತ ಅಳೋಕೆ. ಇಗ್ಗುತಪ್ಪನ ಹತ್ರ ಮಳೆ ಬರ್ಲಿಲ್ಲ ಅಂದ್ರೂ ಹೋಗ್ತೀವಿ, ಜಾಸ್ತಿ ಆಯ್ತು ಅಂದ್ರೂ ಹೋಗ್ತೀವಿ. ಹುತ್ತರಿ ರಾತ್ರಿ ನೆನಪಿಸ್ಕೋ, ಹೊಸ ಭತ್ತದ ಕದಿರು ಕೈಯಲ್ಲಿ ಹಿಡ್ಕೊಂಡು, ಕೋವಿ ಸದ್ದು ಕೇಳಿ, ಗದ್ದೆಯಿಂದ ಮನೆಗೆ ಬರೋವಾಗ ಎಲ್ಲರೂ 'ಪೊಲಿ ಪೊಲಿ ದೇವಾ' ಅಂತ ಕೂಗ್ತೀವಲ್ಲ, ಕೊಟ್ಟಿದ್ದು ಕೈಯಲ್ಲಿ ಇದ್ರೂ ಇನ್ನೂ ಕೊಡು ಅಂತಲೇ ಕೂಗೋದು. ನಮ್ಮ ಹಿರೀಕರಿಗೆ ಬೇಡೋದು, ನೆನೆಯೋದು, ದೂರೋದು ಎಲ್ಲಾ ಒಂದೇ ಬಾಯಲ್ಲಿ ಆಗ್ತಿತ್ತು. ದಿನಕ್ಕೆ ಮೂರು ಥ್ಯಾಂಕ್ಸ್, ಅದೂ ಕಂಪ್ಲೇಂಟ್ ಇಲ್ಲದೆ ಅನ್ನೋ ಲೆಕ್ಕ ಎಲ್ಲಿಂದಲೋ ಬಂದಿದ್ದು.

ಹಂಗಂತ ಬರೆಯೋ ಅಭ್ಯಾಸನೇ ಕೆಟ್ಟದ್ದು ಅನ್ನಲ್ಲ. ಕೆಲವರಿಗೆ ಅದ್ರಿಂದ ಮನಸ್ಸು ಹಗುರ ಆಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ, ಇದರ ಮೇಲೆ ಸಂಶೋಧನೆನೂ ಆಗಿದೆ. ಆದ್ರೆ ತಾನಾಗೇ ಬರೆಯೋದು ಬೇರೆ, ಗ್ರೂಪಿನ ಎಲ್ಲರ ಎದುರು ಹಾಜರಿ ಹಾಕಿದಂಗೆ ಬರೆಯೋದು ಬೇರೆ. ನಿಂಗೆ ಅಲ್ಲಿ ಆಗಿದ್ದು ಏನಂದ್ರೆ, ನೋವಿದೆ ಅಂತ ಹೇಳೋಕೆ ಇದ್ದ ಒಂದು ಜಾಗನೂ ಮುಚ್ಚಿಬಿಟ್ರು. ನಿನಗಿಂತ ಕಷ್ಟದಲ್ಲಿ ಇರೋರನ್ನ ನೋಡು ಅನ್ನೋ ಮಾತು ನಂಗೆ ಯಾವತ್ತೂ ಹಿಡಿಸಿಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ನಮ್ಮ ಎಷ್ಟು ಜನ ಮನೆ ಕಳ್ಕೊಂಡ್ರು, ಅವರ ಸಂಕಟ ನೋಡಿ ಅಯ್ಯೋ ಅಂತ ಕರುಳು ಹಿಂಡ್ಬೇಕು, ಸಹಾಯಕ್ಕೆ ಹೋಗ್ಬೇಕು, ಸದ್ಯ ನಂಗೆ ಬೆರಳು ನೋವು ಮಾತ್ರ ಅಂತ ಸಮಾಧಾನ ಪಟ್ಕೊಳ್ಳೋಕೆ ಅವರ ಕಷ್ಟನ ಬಳಸ್ಕೋಬಾರ್ದು. ಅವರ ನೋವು ಅವರದ್ದು, ನಿನ್ನ ನೋವು ನಿನ್ನದು, ತಕ್ಕಡಿಲಿ ಇಟ್ಟು ತೂಗೋ ಕೆಲಸ ಯಾರಿಗೂ ಬೇಡ.

ಗ್ರೂಪಿಂದ ಹೊರಗೆ ಬಾ. ನಾದಿನಿಗೆ ಬೇಜಾರಾಗುತ್ತೆ ಅಂತ ಯೋಚ್ನೆ ಇದ್ರೆ ಫೋನ್ ಮಾಡಿ ಹೇಳು, ನೀನು ಒಳ್ಳೇದಕ್ಕೇ ಸೇರಿಸಿದ್ದು ಅಂತ ನಂಗೆ ಗೊತ್ತು ಕಣೆ, ಆದ್ರೆ ಅಲ್ಲಿ ಒಬ್ಬರು ಮಾತ್ರೆ ಬಿಡು ಅಂದ್ರು, ನಾನು ಬಿಟ್ಟು ಕೈ ಊದಿಸ್ಕೊಂಡೆ ಅಂತ. ಅವಳಿಗೂ ಗೊತ್ತಾಗ್ಲಿ, ಆ ಗ್ರೂಪಲ್ಲಿ ಬಿಪಿ ಮಾತ್ರೆ, ಶುಗರ್ ಮಾತ್ರೆ ತಗೊಳ್ಳೋರು ಇನ್ನೆಷ್ಟು ಜನ ಇದ್ದಾರೋ.

ಕೃತಜ್ಞತೆ ನಿನ್ನಲ್ಲಿ ಇಲ್ಲ ಅಂತ ನೀನು ಅಂದ್ಕೊಂಡಿದ್ದೀಯ. ನಿನ್ನ ಪತ್ರ ಇನ್ನೊಂದ್ಸಲ ಓದು. ಕಾಯಿಲೆ ಅಂತ ಹೇಳಿದ ಮುಂದಿನ ಸಾಲಲ್ಲೇ ಗಂಡ ಐದಕ್ಕೆ ಎದ್ದು ಬಿಸಿನೀರು ತಂದಿಡ್ತಾರೆ ಅಂತ ಬರ್ದಿದ್ದೀಯ. ಯಾರೂ ಕೇಳಿರ್ಲಿಲ್ಲ, ನನ್ನ ಸಲಹೆಗೆ ಅದು ಬೇಕಾಗೂ ಇರ್ಲಿಲ್ಲ. ಹರಕೆ ಹೊತ್ತ ಅತ್ತೆ ಬಗ್ಗೆ ದೂರು ಹೇಳೋವಾಗ್ಲೂ ಕೆಟ್ಟೋರಲ್ಲ ಅಂತ ಸೇರಿಸಿದ್ದೀಯ. ಇದು ಕೃತಜ್ಞತೆ ಅಲ್ದೆ ಇನ್ನೇನು? ಕಾಯಿಲೆ ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳು ಅಂತ ನಾನು ನಿಂಗೆ ಸಾಯೋವರೆಗೂ ಹೇಳಲ್ಲ, ನನ್ನ ಶುಗರಿಗೂ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ಕಾಯಿಲೆ ಒಳಗೆ ನಿನ್ನ ಜೊತೆ ನಿಂತೋರು ಇದ್ದಾರಲ್ಲ, ನಿನ್ನ ಮನಸ್ಸು ಅವರನ್ನ ಗುರುತಿಸ್ತಿದೆ. ಆರು ವರ್ಷದಲ್ಲಿ ಯಾವತ್ತಾದ್ರೂ ನಿಮ್ಮೋರಿಗೆ ಬಾಯಿ ಬಿಟ್ಟು ಹೇಳಿದ್ದೀಯಾ, ಆ ಬಿಸಿನೀರಿಲ್ದೆ ನಂಗೆ ಬೆಳಗಾಗಲ್ಲ ಅಂತ? ನಮ್ಮ ಕಡೆ ಗಂಡ ಹೆಂಡ್ತಿ ಇಂಥದ್ದೆಲ್ಲ ಹೇಳ್ಕೊಳಲ್ಲ, ನಂಗೆ ಗೊತ್ತು, ನಾಚಿಕೆ ಆಗುತ್ತೆ. ಆದ್ರೂ ಹೇಳು. ಅದೇ ಹೊತ್ತಲ್ಲಿ ಮಾತ್ರೆ ಬಿಟ್ಟಿದ್ದನ್ನೂ ಹೇಳಿಬಿಡು, ಐದಕ್ಕೆ ಎದ್ದು ಒಲೆ ಹಚ್ಚೋ ಮನುಷ್ಯನಿಂದ ಇದನ್ನ ಮುಚ್ಚಿಡೋದು ಸರಿಯಲ್ಲ. ವಾರದ ಮಾತ್ರೆ ದಿನ ಯಾವ್ದು ಅಂತ ಅಡುಗೆಮನೆ ಕ್ಯಾಲೆಂಡರಲ್ಲಿ ಗುರುತು ಹಾಕಿ ಮಗನಿಗೆ ನೆನಪಿಸೋ ಜವಾಬ್ದಾರಿ ಕೊಡಿ, ಪಿಯುಸಿ ಹುಡುಗ, ಮಾಡ್ತಾನೆ.

ಅತ್ತೆ ಹರಕೆ. ಇದಕ್ಕೆ ನಾನು ಬೇಡ ಅನ್ನಲ್ಲ, ಅವರಿಗೆ ನಿನ್ನ ಕೈ ನೋಡಿ ಸಂಕಟ ಆಗಿದೆ, ಆ ಸಂಕಟಕ್ಕೆ ಅವರಿಗೆ ಗೊತ್ತಿರೋ ದಾರಿ ಅದು. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣ, ಪ್ರತಿ ವರ್ಷ ತೀರ್ಥೋದ್ಭವದ ಮುಹೂರ್ತ ಬೇರೆ, ಒಂದೊಂದ್ಸಲ ನಡುರಾತ್ರಿ ಬರುತ್ತೆ. ಬ್ರಹ್ಮಗಿರಿ ಗಾಳಿ, ಮಂಜು, ಸಾವಿರಾರು ಜನ, ಗಂಟೆಗಟ್ಟಲೆ ನಿಲ್ಲೋದು, ಒದ್ದೆ ಬಟ್ಟೆ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಮೇಲೆ ಇರೋಳು ಆ ರಶ್ಶಲ್ಲಿ ನಿಲ್ಲೋದು ಬೇಡ, ಇದನ್ನ ಡಾಕ್ಟರ್ ಬಾಯಿಂದಲೇ ಅತ್ತೆ ಕೇಳೋ ಹಂಗೆ ಮಾಡು, ಮುಂದಿನ ಸಲ ಅವರನ್ನೂ ಜೊತೆಗೆ ಕರ್ಕೊಂಡು ಹೋಗು.

ಆದ್ರೆ ಸಂಕ್ರಮಣ ಒಂದೇ ದಿನಕ್ಕೆ ಮುಗಿಯಲ್ಲ ಅನ್ನೋದು ನಿಮ್ಮ ಅತ್ತೆಗೇ ನನಗಿಂತ ಚೆನ್ನಾಗಿ ಗೊತ್ತು. ಕಿರು ಸಂಕ್ರಮಣದವರೆಗೆ ಒಂದು ತಿಂಗಳು ಜನ ಹೋಗ್ತಾನೇ ಇರ್ತಾರೆ. ಶನಿವಾರ ಭಾನುವಾರ ಬಿಟ್ಟು ಒಂದು ದಿನ, ಬೆಳಗ್ಗೆ ಬೇಡ, ಕೈಕಾಲು ಸಡಿಲ ಆದ್ಮೇಲೆ ಹೊರಡಿ. ಭಾಗಮಂಡಲದಿಂದ ಮೇಲಕ್ಕೆ ಎಂಟು ಕಿಲೋಮೀಟರ್, ದೇವಸ್ಥಾನದ ಬುಡದವರೆಗೂ ಗಾಡಿ ಹೋಗುತ್ತೆ, ಮೆಟ್ಟಿಲನ್ನ ಮಗನ ಭುಜ ಹಿಡ್ಕೊಂಡು ನಿಧಾನಕ್ಕೆ ಹತ್ತು. ಮುಳುಗೋದು ಬೇಡ, ತಲೆಗೆ ತೀರ್ಥ ಹಾಕಿಸ್ಕೋ. ಅದೂ ಆಗದೆ ಇದ್ರೆ? ಸಂಕ್ರಮಣಕ್ಕೆ ಕೊಡಗಿನ ಎಷ್ಟೋ ಮನೆಗಳಲ್ಲಿ ಕಣಿ ಪೂಜೆ ಮಾಡ್ತಾರಲ್ಲ, ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಅದನ್ನೇ ಕಾವೇರಮ್ಮ ಅಂತ ಅಕ್ಕಿ ಹಾಕಿ ಕೈ ಮುಗಿಯೋದು. ಬೆಟ್ಟದ ಮೇಲಿರೋ ತಾಯಿ ಅವತ್ತು ಮನೆ ಒಳಗೂ ಬರ್ತಾಳೆ. ತೀರ್ಥನ ಬಾಟ್ಲಿಲಿ ತುಂಬಿಸ್ಕೊಂಡು ಬಂದು ಊರೂರಿಗೆ ಹಂಚ್ತಾರೆ, ಹಾಸಿಗೆ ಹಿಡಿದೋರ ಬಾಯಿಗೂ ಹಾಕ್ತಾರೆ. ಬರೋಕೆ ಆಗದೋರನ್ನ ಈ ಪದ್ಧತಿ ಮೊದಲಿಂದಲೂ ಲೆಕ್ಕಕ್ಕೆ ಇಟ್ಕೊಂಡಿದೆ. ಅತ್ತೆ ಹತ್ರ ಇದನ್ನೇ ಹೇಳು, ಹರಕೆ ಬಿಡಿ ಅನ್ಬೇಡ, ನನ್ನಿಂದ ಆಗೋ ಹಂಗೆ ತೀರಿಸೋಣ ಅತ್ತೆ, ಬೇಕಾದ್ರೆ ಭಾಗಂಡೇಶ್ವರನ ಹತ್ರ ಹೋಗಿ ತಂತ್ರಿಗಳನ್ನ ಕೇಳೋಣ ಅನ್ನು.

ತೋಟ, ರೊಟ್ಟಿ ಬಗ್ಗೆ ಜಾಸ್ತಿ ಹೇಳಲ್ಲ. ನಿಂಗೆ ಬರೋ ಸುಸ್ತು ಸೋಮಾರಿತನ ಅಲ್ಲ, ಈ ಕಾಯಿಲೆದೇ ಒಂದು ಭಾಗ. ಮಳೇಲಿ ಮೂರು ದಿನ ಕರೆಂಟ್ ಹೋದಾಗ ಇನ್ವರ್ಟರ್ ಚಾರ್ಜನ್ನ ನಾವು ಹೆಂಗೆ ನೋಡ್ಕೊಂಡು ಬಳಸ್ತೀವೋ, ಮೈ ಶಕ್ತಿನೂ ಹಂಗೇ ಬಳಸು, ಯಾವ ಕೆಲಸಕ್ಕೆ ಕೊಡ್ಬೇಕು ಅಂತ ನೀನೇ ಆರಿಸು. ರೊಟ್ಟಿ ಬೇರೆಯೋರು ತಟ್ಟಲಿ, ಕೊಯ್ಲಲ್ಲಿ ತೂಕದ ಲೆಕ್ಕ, ಬಟವಾಡೆ ಲೆಕ್ಕ ನಿನ್ನ ಕೈಲಿ ಇರ್ಲಿ, ಪೆನ್ನು ಹಿಡಿಯೋಕೆ ಆಗದ ದಿನ ಫೋನಲ್ಲಿ ಮಾತಾಡಿ ರೆಕಾರ್ಡ್ ಮಾಡು. ಚೆನ್ನಾಗೇ ಕಾಣ್ತೀಯಲ್ಲ ಅನ್ನೋರಿಗೆ ಬೆಳಗ್ಗೆ ಆರು ಗಂಟೆಗೆ ಮನೆಗೆ ಬನ್ನಿ ಅನ್ನು, ಸಿಟ್ಟಿಲ್ದೆ ಅನ್ನು, ಬಂದ್ರೆ ನೋಡ್ಲಿ.

ಕೊನೆಗೆ ಒಂದನ್ನ ಕೇಳ್ತೀನಿ, ನಿಜ ಹೇಳು. ಕೋಪ ಸಂಜೆ ದೀಪದ ಹತ್ರ ಮಾತ್ರನಾ, ಇಲ್ಲಾ ಇಡೀ ದಿನ ಏನೂ ಬೇಡ ಅನ್ನಿಸ್ತಿದೆಯಾ? ನಿದ್ದೆ ಹೋಗಿದ್ಯಾ, ಊಟ ಸೇರ್ತಿಲ್ವಾ, ನಾನಿಲ್ದಿದ್ರೆ ಇವರಿಗೆ ಆರಾಮ ಅಂತ ಯೋಚ್ನೆ ಬರುತ್ತಾ? ರುಮಟಾಯ್ಡ್ ಇರೋರಲ್ಲಿ ಖಿನ್ನತೆ ಬೇರೆಯೋರಿಗಿಂತ ಜಾಸ್ತಿ, ಅದಕ್ಕೂ ಚಿಕಿತ್ಸೆ ಇದೆ, ಅದನ್ನ ಭಕ್ತಿ ಕಮ್ಮಿ ಅಂತ ಹೆಸರಿಟ್ಟು ಮುಚ್ಚಿಡ್ಬಾರ್ದು. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಕೀಲಿನ ಡಾಕ್ಟರಿಗೂ ಇದನ್ನ ಹೇಳು.

ಮಳೆ ಜೋರಾದ್ರೆ ಭಾಗಮಂಡಲ ನಾಪೋಕ್ಲು ರಸ್ತೆ ನೀರಲ್ಲಿ ಹೋಗುತ್ತೆ, ಆವಾಗ ಮೆಡಿಕಲ್ ಶಾಪಿಗೆ ಹೋಗೋಕೂ ಆಗಲ್ಲ, ಅದಕ್ಕೆ ಒಂದು ತಿಂಗಳ ಮಾತ್ರೆ ಮೊದಲೇ ತಂದಿಟ್ಕೋ. ಲಿವರ್ ಮತ್ತೆ ರಕ್ತಕಣದ ಟೆಸ್ಟ್ ಯಾವಾಗ ಮಾಡ್ಸಿದ್ದು ಅಂತ ಚೀಟಿ ನೋಡು, ಟೈಮ್ ಆಗಿದ್ರೆ ಈ ವಾರವೇ ಮಾಡ್ಸು, ಜ್ವರ ಕೆಮ್ಮು ಬಂದ್ರೆ ಕಾಯದೆ ಡಾಕ್ಟರಿಗೆ ತಿಳಿಸು. ಮಣಿಕಟ್ಟಿನ ಊತ ಇಳೀತಾ ಇಲ್ವಾ ಅಂತ ನಂಗೆ ಎರಡು ಸಾಲು ಬರಿ. ಟೈಪ್ ಮಾಡೋಕೆ ಕಷ್ಟ ಆದ್ರೆ ವಾಯ್ಸ್ ಮೆಸೇಜ್ ಕಳ್ಸು, ಬೈಗುಳ ಇದ್ರೂ ಪರವಾಗಿಲ್ಲ.